ಕಾಲಡಿಯ ಕಸ, ಕಿಡ್ನಿಯ ಕಾವಲು!

ನಿಮಗೊಂದು ಸವಾಲು. ಬೇಸಿಗೆ ಕಾಲಿಟ್ಟರೆ ಸಾಕು, ಧಾರವಾಡದ ರಸ್ತೆಗಳಲ್ಲಿ ನೀವು ದಿನಾ ತುಳಿದುಕೊಂಡೇ ಹೋಗುವ ಒಂದು ವಸ್ತುವಿದೆ. ಸ್ಕೂಟರ್ ಸೀಟಿನ ಮೇಲೆ ಬಿದ್ದರೆ ಝಾಡಿಸಿ ಹತ್ತುತ್ತೀರಿ. ಅಂಗಳದಲ್ಲಿ ಬಿದ್ದರೆ ಗೊಣಗುತ್ತ ಗುಡಿಸುತ್ತೀರಿ. ಅದೇ ವಸ್ತು ಪ್ರಯೋಗಾಲಯದ ಇಲಿಗಳ ಕಿಡ್ನಿಯನ್ನು ಒಂದು ಜಬರದಸ್ತ್ ಆಂಟಿಬಯಾಟಿಕ್‌ನ ಹೊಡೆತದಿಂದ ಕಾಪಾಡಿದೆ! ಯಾವುದದು, ಹೇಳಿ ನೋಡೋಣ?

ಬೇವಿನ ಹೂವೇ? ಅಲ್ಲ. ಹುಣಸೆಯ ಎಲೆಯೇ? ಅಲ್ಲವೇ ಅಲ್ಲ. ಗುಲ್‌ಮೊಹರ್? ಅಯ್ಯೋ, ಇನ್ನೂ ದೂರ ಹೋದಿರಿ!

ಉತ್ತರ ಹೇಳುತ್ತೇನೆ, ತಡೀರಿ. ಮೊದಲು ಖಳನಾಯಕನನ್ನು ನೋಡಿಬಿಡೋಣ. ಅವನ ಕಥೆಯೂ ಕಡಿಮೆ ರೋಚಕವಲ್ಲ.

ಅವನ ಹೆಸರು ಜೆಂಟಾಮೈಸಿನ್. ಹುಟ್ಟಿದ್ದೆಲ್ಲಿ ಗೊತ್ತೇ? ಮಣ್ಣಿನಲ್ಲಿ! ಮೈಕ್ರೊಮೊನೊಸ್ಪೋರಾ ಎಂಬ ಮಣ್ಣುವಾಸಿ ಸೂಕ್ಷ್ಮಜೀವಿಯಿಂದ ಅದನ್ನು ತೆಗೆದವರು ಅಮೆರಿಕದ ಶೆರಿಂಗ್ ಕಂಪನಿಯ ವಿಜ್ಞಾನಿಗಳು. ಜಗತ್ತಿಗೆ ಸುದ್ದಿ ತಿಳಿದದ್ದು 1963ರಲ್ಲಿ. ಆರು ದಶಕ ಕಳೆದರೂ ಅದರ ಖದರು ಇಳಿದಿಲ್ಲ. ಬೆಲೆ ಅಗ್ಗ, ಕೆಲಸ ಚುರುಕು. ಹಸುಗೂಸುಗಳ ರಕ್ತಕ್ಕೆ ಸೋಂಕು ಏರಿದಾಗ ವೈದ್ಯರ ಕೈ ಇಂದಿಗೂ ಮೊದಲು ಹೋಗುವ ಔಷಧಿಗಳಲ್ಲಿ ಇದೂ ಒಂದು. ಎಷ್ಟು ಕಂದಮ್ಮಗಳನ್ನು ಬದುಕಿಸಿದೆಯೋ!

ಹಾಗಾದರೆ ಖಳನಾಯಕ ಹೇಗಾದ? ಕಿಡ್ನಿಗೆ ಬನ್ನಿ.

ನಿಮ್ಮ ಒಂದೊಂದು ಕಿಡ್ನಿಯ ತೂಕ ಸುಮಾರು 150 ಗ್ರಾಂ. ಇಷ್ಟು ಸಣ್ಣ ಜೋಡಿ ದಿನಕ್ಕೆ ಎಷ್ಟು ಲೀಟರ್ ದ್ರವ ಸೋಸುತ್ತದೆ? ಊಹಿಸಿ. 5 ಲೀಟರೇ? 20? ಧೈರ್ಯ ಮಾಡಿ 50 ಅಂತೀರಾ?

180 ಲೀಟರ್! ಒಂದೇ ದಿನಕ್ಕೆ!

ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ! ಈ ವಾಪಸಾತಿಯ ಭಾರೀ ಪಾಲು ನಡೆಯುವುದು ನೆಫ್ರಾನ್ ಎಂಬ ಸೂಕ್ಷ್ಮ ನಾಳದ ಮೊದಲ ಭಾಗದಲ್ಲಿ. ಒಂದೊಂದು ಕಿಡ್ನಿಯಲ್ಲೂ ಇಂಥ ನೆಫ್ರಾನುಗಳು ಹತ್ತಿರ ಹತ್ತಿರ 10 ಲಕ್ಷ!

ಆ ಮೊದಲ ಭಾಗದ ಜೀವಕೋಶಗಳ ಮೈತುಂಬ ಮೆಗಾಲಿನ್ ಎಂಬ ಪ್ರೋಟೀನು ಕೈಚಾಚಿ ಕಾದಿರುತ್ತದೆ. ಅದರ ಕೆಲಸ ಭಾರೀ ಒಳ್ಳೆಯದು. ಮೂತ್ರದೊಂದಿಗೆ ಹರಿದುಹೋಗುವ ಪ್ರೋಟೀನು, ವಿಟಮಿನ್‌ಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುವುದು. ಆದರೆ ಪಾಪ, ಅದು ಜೆಂಟಾಮೈಸಿನನ್ನೂ ಹಾಗೇ ಎಳೆದುಕೊಳ್ಳುತ್ತದೆ! ಕಳ್ಳನನ್ನು ನೆಂಟನೆಂದು ಮನೆಯೊಳಗೆ ಕರೆದ ಹಾಗಾಯಿತು.

ಒಳಹೊಕ್ಕ ಮೇಲೆ? ಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿರುತ್ತವೆ. ಬೇಡವಾದದ್ದನ್ನು ಜೀರ್ಣಿಸುವುದು ಅವುಗಳ ಕೆಲಸ. ಜೆಂಟಾಮೈಸಿನ್ ಹೋಗಿ ಅಲ್ಲೇ ಕೂರುತ್ತದೆ, ಕೊಬ್ಬು ಜೀರ್ಣವಾಗುವುದನ್ನು ತಡೆಯುತ್ತದೆ. ಕೊಬ್ಬು ಸುತ್ತುಸುತ್ತಾಗಿ ಕೂಡಿಕೊಳ್ಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಚೀಲಗಳನ್ನು ನೋಡಬೇಕು ನೀವು! ಹುಬ್ಬಳ್ಳಿ ಎಪಿಎಂಸಿಯ ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದಂತೆ ಪದರದೊಳಗೆ ಪದರ, ಅದರೊಳಗೆ ಇನ್ನೊಂದು ಪದರ! ಕೊನೆಗೆ ಚೀಲ ಒಡೆಯುತ್ತದೆ. ಒಳಗಿದ್ದದ್ದು ಚೆಲ್ಲುತ್ತದೆ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಕ್ಕೆ ಏಟು. ಆಮ್ಲಜನಕದ ಪುಂಡ ಅಣುಗಳು, ಅಂದರೆ ಫ್ರೀ ರ‍್ಯಾಡಿಕಲ್‌ಗಳು, ಕಂಡಕಂಡದ್ದನ್ನು ಸುಡುತ್ತ ಓಡಾಡುತ್ತವೆ. ಕೋಶ ಸಾಯುತ್ತದೆ!

ಇದು ಎಷ್ಟು ಜನರಿಗೆ? ಜೆಂಟಾಮೈಸಿನ್ ಬಳಗದ ಔಷಧಿ ಪಡೆದವರಲ್ಲಿ ಶೇಕಡಾ 10ರಿಂದ 25ರಷ್ಟು ಮಂದಿಗೆ ಕಿಡ್ನಿಯ ತೊಂದರೆ ಕಾಣಿಸಿಕೊಳ್ಳುತ್ತದೆ ಎಂದು ವೈದ್ಯಕೀಯ ಬರಹಗಳು ಹೇಳುತ್ತ ಬಂದಿವೆ. ನಾಲ್ವರಲ್ಲಿ ಒಬ್ಬರವರೆಗೆ! ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ ಎಂಬುದೊಂದೇ ಸಮಾಧಾನ. ಕಪಟ ಏನೆಂದರೆ, ಸಾಮಾನ್ಯವಾಗಿ ಮೂತ್ರ ನಿಲ್ಲುವುದೇ ಇಲ್ಲ! ಸರಾಗವಾಗಿ ಹೋಗುತ್ತಲೇ ಇರುತ್ತದೆ. ರೋಗಿಗೆ ಅನುಮಾನವೇ ಬಾರದು. ಐದಾರು ದಿನ ಕಳೆದ ಮೇಲೆ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಮೆಲ್ಲಗೆ ಏರತೊಡಗಿದಾಗಲೇ ಗುಟ್ಟು ರಟ್ಟು.

ಸರಿ, ಈಗ ನಾಯಕಿಯ ಪ್ರವೇಶ. ಬೀದಿಯಲ್ಲಿ ಬಿದ್ದಿರುವ ಆ ಕಸ ಯಾವುದು?

ಹೊಂಗೆ ಹೂವು!

ಹೌದ್ರಿ, ಅದೇ ಹೊಂಗೆ! ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟು ನೋಡಿ. ಉಗುರಿನಷ್ಟು ಗಾತ್ರ. ಬಿಳಿಯೋ ನಸುಗೆಂಪೋ ನೇರಳೆಯೋ ಥಟ್ಟನೆ ಹೇಳಲಾಗದ ಬಣ್ಣ. ಬುಡದಲ್ಲಿ ಕಂದು ಬಟ್ಟಲು. ಅವರೆ ಹೂವಿನ ದಾಯಾದಿ ಎಂದು ಆಕಾರವೇ ಸಾರಿ ಹೇಳುತ್ತದೆ. ಇಷ್ಟು ಸಣ್ಣದರೊಳಗೆ ಕಿಡ್ನಿ ಕಾಯುವ ಸರಕು!

ಕಂಡುಹಿಡಿದವರು ಯಾವ ದೇಶದವರು? ಜಪಾನ್? ಜರ್ಮನಿ? ಊಹೂಂ. ನಮ್ಮದೇ ಕರ್ನಾಟಕ! ಮಣಿಪಾಲದ ಫಾರ್ಮಸಿ ಕಾಲೇಜಿನಲ್ಲಿ ಆನಿ ಶಿರ್ವೈಕರ್ ಮತ್ತು ಸಂಗಡಿಗರು ಹೊಂಗೆ ಹೂವಿನ ಸಾರವನ್ನು ಮದ್ಯಸಾರದಲ್ಲಿ ಇಳಿಸಿ ಇಲಿಗಳಿಗೆ ಕೊಟ್ಟರು. ಎದುರಿಗೆ ಒಬ್ಬನಲ್ಲ, ಇಬ್ಬರು ಖಳರು: ಜೆಂಟಾಮೈಸಿನ್, ಜೊತೆಗೆ ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್. ಎರಡೂ ಕಿಡ್ನಿಯ ಶತ್ರುಗಳೇ. 2003ರಲ್ಲಿ ಇಂಡಿಯನ್ ಜರ್ನಲ್ ಆಫ್ ಎಕ್ಸ್‌ಪರಿಮೆಂಟಲ್ ಬಯಾಲಜಿಯಲ್ಲಿ ಫಲಿತಾಂಶ ಅಚ್ಚಾಯಿತು. ಹೂವಿನ ಸಾರ ಕಿಡ್ನಿಯನ್ನು ಕಾಯ್ದಿತ್ತು!

ಅಷ್ಟಕ್ಕೇ ನಿಂತರೇ? ಇಲ್ಲ! ಮರುವರ್ಷವೇ ಇನ್ನೊಂದು ಗಿಡ. ಬಿಳಿ ಹಿಂಡಿ ಸೊಪ್ಪು! ಹೊಲದ ಬದುವಿನಲ್ಲಿ, ಪಾಳುಗೋಡೆಯ ಬುಡದಲ್ಲಿ ಬೆಳ್ಳಗೆ ಅರಳೆ ಮೆತ್ತಿಕೊಂಡು ನಿಂತಿರುತ್ತದಲ್ಲ, ಅದೇ. ಕಲ್ಲೊಡೆಯುವ ಪಾಷಾಣಭೇದ ಎಂದು ದಕ್ಷಿಣದ ವೈದ್ಯರು ಬಳಸುವ ಗಿಡಗಳಲ್ಲಿ ಇದೂ ಒಂದು. ಮೂತ್ರದ ಕಾಯಿಲೆಗೆ ನಮ್ಮ ಅಜ್ಜಿಯರು ಕೈಹಾಕುತ್ತಿದ್ದ ಸೊಪ್ಪೇ ಇಲಿಯ ಕಿಡ್ನಿಯನ್ನೂ ಕಾಯ್ದರೆ ರೋಮಾಂಚನವಾಗದೆ ಇರುತ್ತದೆಯೇ?

2005. ಮೂರನೆಯ ಗಿಡ. ಇದನ್ನು ನೀವೇ ಊಹಿಸಿ. ಸುಳಿವು ಒಂದು: ಬಂಗಾರದ ಬಣ್ಣದ ಹೂವು, ಬಯಲುಸೀಮೆಯ ಒಣನೆಲದಲ್ಲೂ ನಗುತ್ತದೆ. ಸುಳಿವು ಎರಡು: ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಸುಳಿವು ಮೂರು: ನೆರೆಯ ತೆಲಂಗಾಣದ ರಾಜ್ಯಪುಷ್ಪ!

ತಂಗಡಿ! ಕೆಲವರ ಬಾಯಲ್ಲಿ ಆವರಿಕೆ. ಈ ಸಲ ಹೂವಲ್ಲ, ಬೇರು. ಪ್ರತಿ ಕಿಲೋ ತೂಕಕ್ಕೆ 600 ಮಿಲಿಗ್ರಾಂನಂತೆ ಬೇರಿನ ಸಾರ ಮುಂಜಾಗ್ರತೆಯಾಗಿ ಪಡೆದ ಇಲಿಗಳು ಜೆಂಟಾಮೈಸಿನ್ ಎದುರು ಚೆನ್ನಾಗಿ ತಾಳಿಕೊಂಡವು. ಸಿಸ್‌ಪ್ಲಾಟಿನ್ ಕಥೆಯಂತೂ ಇನ್ನೂ ಬೆರಗು. ಹಾನಿ ಶುರುವಾದ ಮೇಲೆ ಸಾರ ಕೊಟ್ಟರೂ ಏರಿದ್ದ ಯೂರಿಯಾ, ಕ್ರಿಯಾಟಿನಿನ್ ಕೆಳಗಿಳಿದವು! ಗುಟ್ಟೇನಿರಬಹುದು? ಆ ಪುಂಡ ಅಣುಗಳನ್ನು ಹಿಡಿದು ತಣ್ಣಗಾಗಿಸುವ ಶಕ್ತಿ ಬೇರಿನ ಸಾರದಲ್ಲಿತ್ತು.

ಹೊರಗಿನ ಜಗತ್ತೂ ಸುಮ್ಮನೆ ಕೂತಿರಲಿಲ್ಲ. 2000ದಲ್ಲಿ ಮೆಕ್ಸಿಕೋದವರು ಜೆಂಟಾಮೈಸಿನ್ ಎದುರು ಏನು ನಿಲ್ಲಿಸಿದರು ಗೊತ್ತೇ? ಬೆಳ್ಳುಳ್ಳಿ! ಇಲಿಗೆ ಬೆಳ್ಳುಳ್ಳಿ ತಿನ್ನಿಸಿದರು, ಕಿಡ್ನಿಯ ಹಾನಿ ತಗ್ಗಿತು. 2004ರಲ್ಲಿ ಕರಿಜೀರಿಗೆ ಎಣ್ಣೆಯ ಸುದ್ದಿ. ಅರಿಶಿನದ ಕರ್ಕ್ಯುಮಿನ್ ಅಂತೂ ಲೆಕ್ಕವಿಲ್ಲದಷ್ಟು ಪ್ರಬಂಧಗಳಲ್ಲಿ ಕುಣಿದಿದೆ. ಇನ್ನೇನು, ನಮ್ಮ ಒಗ್ಗರಣೆ ಡಬ್ಬಿಯೇ ಪ್ರಯೋಗಾಲಯಕ್ಕೆ ನಡೆದುಬಿಟ್ಟಿದೆ!

ಹುಬ್ಬಳ್ಳಿ ಹಿಂದೆ ಬಿತ್ತೇ? ಛೇ! ಔಷಧಿಯ ಏಟಿಗೆ ಗಿಡದ ಗುರಾಣಿ ಹುಡುಕುವ ಕೆಲಸ ಇಲ್ಲಿಯೂ ನಡೆದಿದೆ. ಕೆಎಲ್‌ಇ ಫಾರ್ಮಸಿ ಕಾಲೇಜಿನವರು ಅಶೋಕದ ತೊಗಟೆ ಹಿಡಿದು ಹೊರಟರು. ಅವರು ಕಾಯಲು ಹೊರಟದ್ದು ಕಿಡ್ನಿಯನ್ನಲ್ಲ, ಹೃದಯವನ್ನು! ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧಿಯಿಂದ ಇಲಿಯ ಹೃದಯಕ್ಕಾಗುವ ಹಾನಿಯನ್ನು ಅಶೋಕ ತಗ್ಗಿಸಿತೆಂದು 2013ರಲ್ಲಿ ಪ್ರಕಟಿಸಿದರು.

ಈಗ ನೀವು ಕುಡುಗೋಲು, ಗುದ್ದಲಿ ಹುಡುಕುತ್ತಿದ್ದರೆ ದಯವಿಟ್ಟು ಕೆಳಗಿಡಿ!

ಲೆಕ್ಕ ಕೇಳಿ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ತರುವಾಗ ಸುಮಾರು 6ರಿಂದ ಭಾಗಿಸುವುದು ವಾಡಿಕೆ. ಆಗ 600 ಮಿಲಿಗ್ರಾಂ 100 ಆಯಿತು. 60 ಕಿಲೋ ತೂಗುವವರಿಗೆ ದಿನಕ್ಕೆ 6 ಗ್ರಾಂ. ಅದೂ ಬೇರಲ್ಲ, ಬೇರಿನಿಂದ ಇಳಿಸಿ ಗಟ್ಟಿಮಾಡಿದ ಸಾರ! ಅಷ್ಟು ಸಾರಕ್ಕೆ ಎಷ್ಟು ಬೇರು ಅಗೆಯಬೇಕು? ಇಲಿಗೆ ಜೀರ್ಣವಾದದ್ದು ನಿಮಗೂ ಆದೀತೆಂದು ಹೇಳಿದವರು ಯಾರು?

ಗಿಡವೆಂದರೆ ಕಿಡ್ನಿಗೆ ಒಳ್ಳೆಯದೇ ಎಂಬ ಭ್ರಮೆಯೂ ಬೇಡ. ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ನುಂಗಿದ ಹೆಂಗಸರ ಕಿಡ್ನಿಗಳೇ ಕೆಟ್ಟುಹೋದವು. 1993ರಲ್ಲಿ ಆ ಸುದ್ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮುಂದೆ ಸಂಖ್ಯೆ ನೂರು ದಾಟಿತು! ಅಪರಾಧಿ ಅರಿಸ್ಟೊಲೋಕಿಯಾ ಕುಲದ ಗಿಡ. ಅದೇ ಕುಲದ ಇನ್ನೊಂದು ಗಿಡ ನಮ್ಮಲ್ಲಿಯೂ ಇದೆ. ಯಾವುದು ಗೊತ್ತೇ? ಹಾವಿನ ವಿಷಕ್ಕೆ ಮದ್ದೆಂದು ಹಳ್ಳಿಗಳಲ್ಲಿ ನಂಬುವ ಈಶ್ವರಿ ಬೇರು! ಕಾಯುವ ಬೇರೂ ಕೊಲ್ಲುವ ಬೇರೂ ಒಂದೇ ಗುಡ್ಡದಲ್ಲಿ.

ಇನ್ನೂ ಒಂದು ಒಗಟಿದೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಅದೇ ಪುಂಡ ಅಣುಗಳ ನೆರವಿನಿಂದ ಎಂದು 2007ರಲ್ಲಿ ಬೋಸ್ಟನ್‌ನ ಜೇಮ್ಸ್ ಕಾಲಿನ್ಸ್ ತಂಡ ವಾದಿಸಿತು. 2013ರಲ್ಲಿ ಬೇರೆ ವಿಜ್ಞಾನಿಗಳು ಅಲ್ಲ, ಅಲ್ಲ ಎಂದು ಮುಗಿಬಿದ್ದರು. ಕಾಲಿನ್ಸ್ ಮಾತು ನಿಜವಾಗಿದ್ದರೆ? ಕಿಡ್ನಿ ಕಾಯಲು ಹೋದ ಸೊಪ್ಪು ರೋಗಾಣುವನ್ನೂ ಕಾಯ್ದುಬಿಟ್ಟೀತಲ್ಲ! ಆದ್ದರಿಂದ ಕಿಡ್ನಿ ಉಳಿಯಿತೇ ಎಂದಷ್ಟೇ ನೋಡಿದರೆ ಸಾಲದು. ರೋಗಾಣು ಸತ್ತಿತೇ ಎಂದೂ ನೋಡಬೇಕು.

ಪುಂಡರನ್ನು ಹಿಡಿಯುವ ಬದಲು ಬಾಗಿಲನ್ನೇ ಮುಚ್ಚಿದರೆ ಹೇಗೆ? ಜಪಾನಿನವರು ಅದನ್ನೂ ಮಾಡಿದ್ದಾರೆ! ಸಿಲಾಸ್ಟಾಟಿನ್ ಎಂಬುದು ಇಮಿಪೆನೆಮ್ ಎಂಬ ಆಂಟಿಬಯಾಟಿಕ್ ಜೊತೆಗೆ 1980ರ ದಶಕದಿಂದಲೇ ಐಸಿಯುಗಳಲ್ಲಿ ಬಳಕೆಯಲ್ಲಿರುವ ಹಳೇ ಔಷಧಿ. ಅದು ಮೆಗಾಲಿನ್‌ನ ಕೈ ಕಟ್ಟಿಹಾಕುತ್ತದೆ, ಜೆಂಟಾಮೈಸಿನ್ ಒಳಗೆ ಹೋಗದಂತೆ ತಡೆದು ಇಲಿಯ ಕಿಡ್ನಿ ಉಳಿಸುತ್ತದೆ ಎಂದು 2017ರಲ್ಲಿ ತೋರಿಸಿದರು. ಕಣ್ಣೆದುರೇ ಇತ್ತು, ಇಷ್ಟು ವರ್ಷ!

ಹೊಂಗೆ ಹೂವಿನೊಳಗೂ ಬಾಗಿಲು ಮುಚ್ಚುವ ಅಣು ಅಡಗಿದೆಯೇ? ಅಥವಾ ಅದು ಒಳಗಿನ ಪುಂಡರನ್ನಷ್ಟೇ ಹಿಡಿಯುತ್ತದೆಯೇ? ಹುಡುಕಲು ಬೇಕಾದದ್ದು ಹೂವು, ಜೆಂಟಾಮೈಸಿನ್, ಇಲಿ ಮತ್ತು ಹಠ ಬಿಡದ ಒಬ್ಬ ಸಂಶೋಧಕ. ಹುಬ್ಬಳ್ಳಿ-ಧಾರವಾಡದಲ್ಲಿ ಈ ನಾಲ್ಕರಲ್ಲಿ ಯಾವುದಕ್ಕೆ ಬರ ಇದೆ, ನೀವೇ ಹೇಳ್ರಿ!