ಹಳ್ಳದ ಮೀನಿಗೆ ಹೆಸರಿಟ್ಟವರು

ಜಲಚರ ಸಂರಕ್ಷಣೆಯನ್ನೇ ವೃತ್ತಿಯಾಗಿ ಕೈಕೊಳ್ಳಬಹುದೆಂದರೆ ನಮ್ಮ ತರುಣರು ಮನ್ನಾರ್ ಕೊಲ್ಲಿಯ ಕಡಲಹಸುವನ್ನು ನೆನೆದಾರೆಯೇ ಹೊರತು ಮನೆಯ ಹಿಂದಿನ ಹಳ್ಳವನ್ನಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ಹರಿಯುತ್ತಿದ್ದ ಶರಾವತಿ ಅಲ್ಲಿ ನಿಂತ ನೀರಾದಳು. ಹರಿವ ನೀರಿನ ಕಲ್ಲುಸಂದಿಗಳಲ್ಲಿ ಬಾಳುವ ಕಿರುಮೀನುಗಳಿಗೆ ಹಿನ್ನೀರನ್ನು ಸೇರುವ ಹಳ್ಳಗಳೇ ಆಶ್ರಯ. ಈ ಸೀಮೆಯ ಹಳ್ಳಗಳನ್ನು ಶೋಧಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅವರ ಸಂಗಡಿಗರೂ 2006ರಲ್ಲಿ ಎರಡು ಹೊಸ ಜಾತಿಗಳನ್ನು ಲೋಕಕ್ಕೆ ಪರಿಚಯಿಸಿದರು; ಒಂದಕ್ಕೆ ಶರಾವತಿಯ ಹೆಸರು, ಇನ್ನೊಂದಕ್ಕೆ ಹೊಸನಗರ ಸೀಮೆಯ ನಾಗೋಡಿಯ ಹೆಸರು. ಹೆಸರೇ ಇಲ್ಲದ ಜೀವಿಯನ್ನು ಯಾವ ಕಾಯಿದೆ ತಾನೆ ಕಾಪಾಡೀತು?

ಪ್ರಾಣಿಶಾಸ್ತ್ರದ ಪದವಿ, ಇಲ್ಲವೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ನಾಲ್ಕು ವರ್ಷಗಳ ವ್ಯಾಸಂಗ ಈ ವೃತ್ತಿಗೆ ದಾರಿ. (ಸಂಬಳವನ್ನೇ ಮೊದಲು ವಿಚಾರಿಸುವವರಿಗೆ ಇದು ಹಿಡಿಸಲಾರದು.) ಹಳ್ಳದಲ್ಲಿ ಬಲೆ ಹಿಡಿದು ನಿಂತು, ಕಾಲಿಗೆ ಹತ್ತಿದ ಉಂಬಳವನ್ನು ಕಿತ್ತೆಸೆದು, ಬೆರಳುದ್ದದ ಮೀನಿನ ಈಜುರೆಕ್ಕೆಯ ಕಡ್ಡಿಗಳನ್ನು ಎಣಿಸುವ ತಾಳ್ಮೆಯನ್ನು ಮಾತ್ರ ಅವರವರೇ ಗಳಿಸಬೇಕು.