ಕೊಂಡ ರಕ್ತ, ಕೊಟ್ಟ ರಕ್ತ

ಇಂದಿನ ಮಾನವನು ಕಾರ್ಖಾನೆಯಲ್ಲಿ ತಯಾರಿಸಲಾರದ ವಸ್ತುಗಳು ಬಹಳ ಉಳಿದಿಲ್ಲ. ಹತ್ತಿಗೆ ಬದಲಾಗಿ ಕೃತಕ ನೂಲು, ಮರದ ಹಾಲಿಗೆ ಬದಲಾಗಿ ಕೃತಕ ರಬ್ಬರು, ಬಗೆಬಗೆಯ ಬಣ್ಣ, ಸುಗಂಧ, ಔಷಧಗಳು, ಎಲ್ಲವನ್ನೂ ರಸಾಯನಶಾಸ್ತ್ರವು ನಮಗೆ ಒದಗಿಸಿಕೊಟ್ಟಿದೆ. ಆದರೆ ವಯಸ್ಕನ ದೇಹದಲ್ಲಿ ಹಗಲಿರುಳೂ ಹರಿಯುತ್ತಿರುವ ಸುಮಾರು 5 ಲೀಟರು ರಕ್ತವಿದೆಯಷ್ಟೆ, ಅದರ ಎಲ್ಲ ಕೆಲಸಗಳನ್ನೂ ಮಾಡಬಲ್ಲ ದ್ರವವನ್ನು ಆಸ್ಪತ್ರೆಗಳಿಗೆ ಒದಗಿಸುವ ಕಾರ್ಖಾನೆ ಎಲ್ಲಿಯೂ ಇಲ್ಲ. ಹೆರಿಗೆಯಲ್ಲಿ ಅತಿಯಾಗಿ ರಕ್ತಸ್ರಾವವಾದ ತಾಯಿಗಾಗಲಿ, ರಸ್ತೆಯ ಅಪಘಾತದಲ್ಲಿ ಗಾಯಗೊಂಡವನಿಗಾಗಲಿ, ಕೆಲವು ವಾರಗಳಿಗೊಮ್ಮೆ ಪರರ ರಕ್ತವನ್ನು ಪಡೆದೇ ಬೆಳೆಯಬೇಕಾದ ಥಲಸೀಮಿಯ ರೋಗದ ಮಗುವಿಗಾಗಲಿ, ಅದು ಬರಬೇಕಾದುದು ಇನ್ನೊಬ್ಬ ಮನುಷ್ಯನ ತೋಳಿನಿಂದಲೇ.

ಆ ಮನುಷ್ಯನು ತನ್ನ ರಕ್ತವನ್ನು ಮಾರಬೇಕೆ, ಕೊಡಬೇಕೆ? ಇದು ಕೇವಲ ನೀತಿಗೆ ಸೇರಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಇದು ವಿಜ್ಞಾನದ ಪ್ರಶ್ನೆಯೂ ಹೌದು.

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ತುಂಬುವ ಯತ್ನಗಳು 19ನೆಯ ಶತಮಾನದಲ್ಲಿಯೇ ನಡೆದಿದ್ದುವು. ರೋಗಿಯು ಒಮ್ಮೆ ಚೇತರಿಸಿಕೊಳ್ಳುತ್ತಿದ್ದನು. ಇನ್ನೊಮ್ಮೆ ಚಳಿಯಿಂದ ನಡುಗಿ, ನೋವಿನಿಂದ ಒದ್ದಾಡಿ ಸಾಯುತ್ತಿದ್ದನು. ಈ ಭೇದಕ್ಕೆ ಕಾರಣವನ್ನು ಕಂಡುಹಿಡಿದವನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅವನು ತನ್ನ ಮತ್ತು ತನ್ನ ಸಹೋದ್ಯೋಗಿಗಳ ರಕ್ತವನ್ನು ತೆಗೆದುಕೊಂಡು, ಒಬ್ಬನ ಕೆಂಪು ಕಣಗಳನ್ನು ಇನ್ನೊಬ್ಬನ ರಕ್ತದ ತಿಳಿದ್ರವದೊಡನೆ ಬೆರೆಸಿ ನೋಡಿದನು. ಕೆಲವು ಜೋಡಿಗಳಲ್ಲಿ ಕಣಗಳು ಬಿಡಿಬಿಡಿಯಾಗಿಯೇ ಉಳಿದುವು. ಕೆಲವದರಲ್ಲಿ ಅಂಟಿಕೊಂಡು ಗಂಟುಗಟ್ಟಿದುವು. 1901ರಲ್ಲಿ ಪ್ರಕಟವಾದ ಈ ಪರಿಶೀಲನೆಯಿಂದ ಮನುಷ್ಯರ ರಕ್ತದಲ್ಲಿ ಮೂರು ಗುಂಪುಗಳಿರುವುದು ತಿಳಿಯಿತು. ನಾಲ್ಕನೆಯದು ಮರುವರ್ಷ ಗೊತ್ತಾಯಿತು. ನಾವಿಂದು ಎ, ಬಿ, ಎಬಿ, ಓ ಎಂದು ಕರೆಯುವುದು ಇವನ್ನೇ. ಈ ಶೋಧಕ್ಕಾಗಿ ಲ್ಯಾಂಡ್‌ಸ್ಟೈನರನಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ನೊಂದು ತೊಡಕು, ರಕ್ತವು ಹೊರಗೆ ಬಂದ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುವುದು. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಸೋಡಿಯಂ ಸಿಟ್ರೇಟ್ ಎಂಬ ಲವಣವು ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತವು ದ್ರವವಾಗಿಯೇ ಉಳಿಯುತ್ತದೆ. 1914ರಲ್ಲಿ ಬೆಲ್ಜಿಯಂ ಮತ್ತು ಅರ್ಜೆಂಟೀನ ದೇಶಗಳ ವೈದ್ಯರು ಈ ಉಪಾಯವನ್ನು ರೋಗಿಗಳ ಮೇಲೆ ಪ್ರಯೋಗಿಸಿ ಸಫಲರಾದರು. 1937ರಲ್ಲಿ ಷಿಕಾಗೋ ನಗರದ ಆಸ್ಪತ್ರೆಯೊಂದರಲ್ಲಿ ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯನು ರಕ್ತವನ್ನು ತಂಪಿನಲ್ಲಿ ಕೂಡಿಡುವ ವ್ಯವಸ್ಥೆಯನ್ನು ಏರ್ಪಡಿಸಿ, ಅದಕ್ಕೆ ‘ಬ್ಲಡ್ ಬ್ಯಾಂಕ್’ ಎಂಬ ಹೆಸರನ್ನು ಬಳಕೆಗೆ ತಂದನು.

ಕೊಡುವವರನ್ನು ಕಲೆಹಾಕುವ ಏರ್ಪಾಡು ಮಾತ್ರ ಪ್ರಯೋಗಶಾಲೆಯಿಂದ ಹುಟ್ಟಲಿಲ್ಲ. ಅದು ಹುಟ್ಟಿದುದು ನೆರೆಹೊರೆಯಿಂದ. 1921ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯವರು ಒಬ್ಬ ರೋಗಿಗೆ ತುರ್ತಾಗಿ ರಕ್ತ ಬೇಕೆಂದು ರೆಡ್ ಕ್ರಾಸ್ ಸಂಸ್ಥೆಯ ಸ್ಥಳೀಯ ಶಾಖೆಗೆ ಹೇಳಿಕಳುಹಿಸಿದರು. ಶಾಖೆಯ ಗೌರವ ಕಾರ್ಯದರ್ಶಿ ಪರ್ಸಿ ಆಲಿವರ್ ಕೆಲವರು ಜೊತೆಗಾರರೊಡನೆ ಅಲ್ಲಿಗೆ ಹೋದನು. ಅವರಲ್ಲಿ ಒಬ್ಬ ದಾದಿಯ ರಕ್ತ ಹೊಂದಿಕೆಯಾಯಿತು. ಆಲಿವರ್ ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಆದರೂ ಇಂಥ ಕರೆ ಮತ್ತೆ ಬರುವುದೆಂಬುದನ್ನು ಅವನು ಮನಗಂಡನು. ರಕ್ತ ಕೊಡಲು ಒಪ್ಪಿದವರ ಹೆಸರು, ಅವರ ಗುಂಪು, ವಿಳಾಸಗಳ ಪಟ್ಟಿಯನ್ನು ಮಾಡಿ, ತನ್ನ ಮನೆಯಿಂದಲೇ ಹೆಂಡತಿಯ ನೆರವಿನೊಡನೆ ಆ ಕೆಲಸವನ್ನು ನಡೆಸಿದನು. ಜಗತ್ತಿನ ಸ್ವಯಂಪ್ರೇರಿತ ರಕ್ತದಾನ ಸೇವೆಗಳಿಗೆ ಇದು ಮಾದರಿಯಾಯಿತು.

ಆದರೆ ಎಲ್ಲ ದೇಶಗಳೂ ಈ ದಾರಿಯನ್ನು ಹಿಡಿಯಲಿಲ್ಲ. ಹಲವೆಡೆ ರಕ್ತವು ಮಾರಾಟದ ಸರಕಾಯಿತು. ಬ್ರಿಟನ್ನಿನಲ್ಲಿ ಜನರು ಬೆಲೆಯಿಲ್ಲದೆ ರಕ್ತ ಕೊಡುತ್ತಿದ್ದ ಕಾಲದಲ್ಲಿ ಅಮೆರಿಕದಲ್ಲಿ ಅನೇಕರು ಹಣಕ್ಕಾಗಿ ಕೊಡುತ್ತಿದ್ದರು. ರಿಚರ್ಡ್ ಟಿಟ್ಮಸ್ ಎಂಬ ಸಮಾಜಶಾಸ್ತ್ರಜ್ಞನು ಈ ಎರಡು ಪದ್ಧತಿಗಳನ್ನೂ ಹೋಲಿಸಿ 1970ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಕೊಂಡ ರಕ್ತದ ಮೂಲಕ ರೋಗಿಗಳಿಗೆ ಯಕೃತ್ತಿನ ಉರಿಯೂತ ತಗಲುವ ಅಪಾಯವು ಹೆಚ್ಚೆಂಬುದು ಅವನ ವಾದದ ಒಂದು ಮುಖ್ಯ ಅಂಶ.

ಹಾಗೇಕೆ? ಕೊಟ್ಟ ರಕ್ತಕ್ಕೂ ಕೊಂಡ ರಕ್ತಕ್ಕೂ ರಾಸಾಯನಿಕವಾಗಿ ಏನೂ ವ್ಯತ್ಯಾಸವಿಲ್ಲವಲ್ಲ! ವ್ಯತ್ಯಾಸವಿರುವುದು ಸೂಜಿ ಚುಚ್ಚುವ ಮುನ್ನ ನಡೆಯುವ ಮಾತುಕತೆಯಲ್ಲಿ. ‘ನಿಮಗೆ ಈಚೆಗೆ ಕಾಮಾಲೆಯಾಗಿತ್ತೆ? ಜ್ವರ ಬಂದಿತ್ತೆ? ಯಾವ ಔಷಧ ಸೇವಿಸುತ್ತಿದ್ದೀರಿ?’ ಎಂದು ವೈದ್ಯರು ಕೇಳುತ್ತಾರೆ. ಸತ್ಯವನ್ನು ನುಡಿದರೆ ಅಂದಿನ ಹಣ ತಪ್ಪುವುದೆಂದು ಬಲ್ಲ ಬಡವನು ಏನೆಂದು ಉತ್ತರಿಸಿಯಾನು? ಹಸಿದವನಿಗೆ ಸುಳ್ಳು ಹೇಳಲು ಕಾರಣವನ್ನು ಒದಗಿಸಿಕೊಟ್ಟವರು ರಕ್ತವನ್ನು ಕೊಂಡವರೇ.

ರಕ್ತವನ್ನು ಪರೀಕ್ಷಿಸಿದರೆ ಸಾಲದೆ ಎಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ ಸಂಗ್ರಹಿಸಿದ ಪ್ರತಿಯೊಂದು ಚೀಲದ ರಕ್ತವನ್ನೂ ಎಚ್‌ಐವಿ, ಯಕೃತ್ತಿನ ಉರಿಯೂತವನ್ನು ತರುವ ಬಿ ಮತ್ತು ಸಿ ವೈರಸ್‌ಗಳು, ಸಿಫಿಲಿಸ್, ಮಲೇರಿಯ, ಈ ಐದಕ್ಕಾಗಿ ಪರೀಕ್ಷಿಸಲೇಬೇಕು. ಆದರೆ ವೈರಸ್ಸು ದೇಹವನ್ನು ಹೊಕ್ಕ ದಿನವೇ ಪರೀಕ್ಷೆಗೆ ಸಿಕ್ಕುವುದಿಲ್ಲ. ಅನೇಕ ಪರೀಕ್ಷೆಗಳು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹವು ತಯಾರಿಸುವ ಪ್ರತಿಕಾಯಗಳನ್ನು. ಅವು ಸಾಕಷ್ಟು ಹುಟ್ಟಿಕೊಳ್ಳಲು ವಾರಗಳೇ ಬೇಕಾಗಬಹುದು. ವೈರಸ್ಸಿನ ಆನುವಂಶಿಕ ದ್ರವ್ಯವನ್ನೇ ಪತ್ತೆಮಾಡುವ ಹೊಸ ವಿಧಾನಗಳು ಈ ಅವಧಿಯನ್ನು ಬಹಳ ಕಿರಿದು ಮಾಡಿವೆ, ಪೂರ್ತಿಯಾಗಿ ಅಳಿಸಿಲ್ಲ. ಆ ಕುರುಡು ದಿನಗಳಲ್ಲಿ ರೋಗಿಯನ್ನು ಕಾಯುವುದು ದಾನಿಯ ಪ್ರಾಮಾಣಿಕತೆಯೊಂದೇ. ಯಾವ ಉಪಕರಣವೂ ಮಾಡಲಾರದ ಪರೀಕ್ಷೆಯನ್ನು ಅವನೇ ಮಾಡಿಕೊಳ್ಳಬೇಕು.

ಸ್ವಂತ ಇಚ್ಛೆಯಿಂದ, ಹಣ ಪಡೆಯದೆ ಮಾಡುವ ರಕ್ತದಾನವನ್ನು ಬೆಳೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು 1975ರಲ್ಲಿ ಎಲ್ಲ ರಾಷ್ಟ್ರಗಳಿಗೂ ಕರೆಯಿತ್ತಿತು. ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ, 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧವಾಯಿತು. ಆದರೂ ರೋಗಿಯ ಬಂಧುಗಳೇ ಬದಲಿ ರಕ್ತ ಕೊಡುವ ರೂಢಿ ಅನೇಕ ಕಡೆ ಉಳಿದುಬಂದಿದೆ. ತಮ್ಮವನು ಮಂಚದ ಮೇಲೆ ಮಲಗಿರುವಾಗ, ಸುತ್ತಲೂ ನೆಂಟರು ನಿಂತಿರುವಾಗ, ‘ನನ್ನ ರಕ್ತ ಬೇಡ’ ಎನ್ನುವುದು ಸುಲಭವಲ್ಲ. ಹಣದಂತೆಯೇ ಸಂಕೋಚವೂ ಬಾಯಿ ಕಟ್ಟಬಲ್ಲದು.

ರಕ್ತವನ್ನು ಒಂದು ದಿನ ಹೆಚ್ಚಾಗಿ ಸಂಗ್ರಹಿಸಿ ವರ್ಷವಿಡೀ ಇಟ್ಟುಕೊಳ್ಳೋಣವೆಂದರೆ ಅದೂ ಸಾಧ್ಯವಿಲ್ಲ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೂ, ಬೆರೆಸಿದ ಸಂರಕ್ಷಕ ದ್ರವಕ್ಕನುಸಾರವಾಗಿ 35 ಇಲ್ಲವೆ 42 ದಿನಗಳ ಮೇಲೆ ಬಳಸುವಂತಿಲ್ಲ. ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್‌ಗಳ ಆಯುಸ್ಸು ಸಾಮಾನ್ಯವಾಗಿ 5 ದಿನ ಮಾತ್ರ. ಆದುದರಿಂದ ಪ್ರತಿಯೊಂದು ಊರಿಗೂ ತನ್ನವರೇ ಆದ, ತಪ್ಪದೆ ಬರುವ ದಾನಿಗಳು ಬೇಕು. ಕೆಲವು ಗುಂಪುಗಳಂತೂ ಬಹು ವಿರಳ. 1952ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ ‘ಬಾಂಬೆ ಗುಂಪಿ’ನವರಿಗೆ ಓ ಗುಂಪಿನ ರಕ್ತವೂ ಹೊಂದುವುದಿಲ್ಲ; ಅದೇ ಗುಂಪಿನವರೇ ದೊರೆಯಬೇಕು. ಇಂಥವರ ಪಟ್ಟಿಯೊಂದು ಸಿದ್ಧವಾಗಿದ್ದರೆ ಅದೇ ಒಂದು ಔಷಧಿಗೆ ಸಮಾನ.

ಕೊಡುವವನಿಗೆ ಆಗುವ ನಷ್ಟವೆಷ್ಟು? ಒಮ್ಮೆಗೆ ತೆಗೆಯುವುದು 350 ಇಲ್ಲವೆ 450 ಮಿಲಿಲೀಟರು. ಹೋದ ದ್ರವಭಾಗವನ್ನು ದೇಹವು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ಕೆಲವು ವಾರಗಳು ಬೇಕು. ಕೆಂಪು ಕಣದ ಆಯುಸ್ಸೇ ಸುಮಾರು 120 ದಿನ. ಹಳೆಯವು ಅಳಿಯುವುದು, ಮೂಳೆಯ ಮಜ್ಜೆಯಲ್ಲಿ ಹೊಸವು ಹುಟ್ಟುವುದು ಎಡೆಬಿಡದೆ ನಡೆದೇ ಇರುತ್ತದೆ. ನಮ್ಮ ದೇಶದ ನಿಯಮದಂತೆ ದಾನಿಗೆ 18 ವರ್ಷ ತುಂಬಿರಬೇಕು, 65 ಮೀರಿರಬಾರದು. ತೂಕ 45 ಕಿಲೋಗ್ರಾಮಿಗೆ ಕಡಿಮೆಯಿರಬಾರದು. 100 ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಮಾದರೂ ಇರಬೇಕು. ಮತ್ತೆ ಕೊಡುವ ಮೊದಲು ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು.

ಕಾಲೇಜುಗಳಲ್ಲಿ ಶಿಬಿರವು ನಡೆದಾಗ ಒಂದು ಮಾತನ್ನು ನೆನಪಿಡಬೇಕು. ಗೆಳೆಯನನ್ನು ‘ಹೆದರುಪುಕ್ಕಲ’ನೆಂದು ಹಾಸ್ಯಮಾಡಿ ಮಂಚಕ್ಕೆ ಎಳೆದೊಯ್ಯುವುದು ಸೇವೆಯಲ್ಲ. ಹಾಗೆ ಬಂದವನು ತನ್ನ ಕಾಯಿಲೆಯನ್ನು ಮುಚ್ಚಿಟ್ಟರೆ ಅದರ ಫಲವನ್ನು ಉಣ್ಣುವವನು ಏನೂ ಅರಿಯದ ರೋಗಿ. ‘ಹೋದ ವಾರ ನನಗೆ ಜ್ವರವಿತ್ತು’ ಎಂದು ಹೇಳಿ ಹಿಂದಿರುಗಿದ ವಿದ್ಯಾರ್ಥಿಯೂ ರೋಗಿಗೆ ಉಪಕಾರವನ್ನೇ ಮಾಡಿದ್ದಾನೆ. ರಕ್ತ ಕೊಟ್ಟ ಬಳಿಕ ಒಂದೆರಡು ದಿನಗಳಲ್ಲಿ ಕಾಯಿಲೆ ಕಾಣಿಸಿಕೊಂಡರೆ, ಕೂಡಲೇ ರಕ್ತನಿಧಿಗೆ ತಿಳಿಸುವುದೂ ದಾನದ ಒಂದು ಭಾಗವೇ.

ಹದಿನೆಂಟು ತುಂಬದವರೂ ಕೈಕಟ್ಟಿ ಕೂಡಬೇಕಾಗಿಲ್ಲ. ಶಿಬಿರಕ್ಕೆ ಬಂದವರನ್ನು ಕುಳ್ಳಿರಿಸಿ ಹಣ್ಣಿನ ರಸ, ಬಿಸ್ಕತ್ತುಗಳನ್ನು ಕೊಡುವುದು, ತಲೆಸುತ್ತಿದವನ ಬಳಿ ಇದ್ದು ವೈದ್ಯರನ್ನು ಕರೆಯುವುದು, ಒಮ್ಮೆ ಕೊಟ್ಟವರಿಗೆ ಅವಧಿ ಮುಗಿದ ಮೇಲೆ ನೆನಪು ಮಾಡುವುದು, ತಮ್ಮ ಬೀದಿಯಲ್ಲಿ ಕೊಡಲು ಒಪ್ಪಿದವರ ಹೆಸರು ಮತ್ತು ಗುಂಪುಗಳನ್ನು ಬರೆದು ಹತ್ತಿರದ ರಕ್ತನಿಧಿಗೆ ತಲುಪಿಸುವುದು, ಇವೆಲ್ಲ ಪ್ರೌಢಶಾಲೆಯ ಹುಡುಗ ಹುಡುಗಿಯರಿಗೆ ಸಾಧ್ಯವಾದ ಕೆಲಸಗಳೇ. ಪರ್ಸಿ ಆಲಿವರ್ ಮೊದಲು ಮಾಡಿದುದೂ ಇಷ್ಟನ್ನೇ. ಲ್ಯಾಂಡ್‌ಸ್ಟೈನರನ ಹುಟ್ಟಿದ ದಿನವಾದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸುತ್ತಿದ್ದಾರೆ. ಆ ದಿನಕ್ಕಾಗಿ ಕಾಯದೆ, ತಮ್ಮ ಗುಂಪು ಯಾವುದೆಂಬುದನ್ನು ಈ ತಿಂಗಳಲ್ಲಿಯೇ ತಿಳಿದುಕೊಳ್ಳುವುದರಿಂದ ವಿದ್ಯಾರ್ಥಿಗಳು ಈ ಕಾರ್ಯವನ್ನು ಆರಂಭಿಸಬಹುದು.