ಆಫ್ರಿಕಾದ ಕಪಾಟಿನಲ್ಲಿ ನಮ್ಮ ಯಲ್ಲಾಪುರ

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನಕ್ಕೇ ಮೀಸಲಾದ ದೊಡ್ಡ ಲೈಬ್ರರಿ ಇದೆ. 1954ರಲ್ಲಿ ಶುರುವಾದ ಅದಕ್ಕೆ ಮಾನವಶಾಸ್ತ್ರಜ್ಞ ಮೆಲ್ವಿಲ್ ಹರ್ಸ್ಕೊವಿಟ್ಸ್ ಹೆಸರಿಟ್ಟಿದ್ದಾರೆ. ನಮ್ಮ ದೇಶದಲ್ಲೂ ದೆಹಲಿ ವಿವಿ 1955ರಲ್ಲಿ, ಮುಂಬೈ ವಿವಿ 1971ರಲ್ಲಿ ಆಫ್ರಿಕಾ ಅಧ್ಯಯನ ಆರಂಭಿಸಿದವು. ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಬಿಳಗಿಯಿಂದ ಶಿರಸಿಗೆ ಬಂದು ಯಲ್ಲಾಪುರದ ದಾರಿ ಹಿಡಿಯಿರಿ. ಮಂಚಿಕೇರಿ ಸುತ್ತಮುತ್ತ ಸಿದ್ದಿಗಳ ಮನೆಗಳಿವೆ.

ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತಂದು ಮಾರುತ್ತಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದಿನ ಸಿದ್ದಿಗಳು. ಮಾತು ಕೊಂಕಣಿ, ಕನ್ನಡ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ಹೋದ ಮೊದಲ ಸಿದ್ದಿ.

ಬರೆದದ್ದು ಬಹಳ, ಓದಲು ಸಿಕ್ಕಿದ್ದು ಕಡಿಮೆ

ಟಿ.ಸಿ. ಪಾಲಾಕ್ಷಪ್ಪ ಅವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಬಂತು. 2007ರಲ್ಲಿ ಪಾಶಿಂಗ್ಟನ್ ಒಬೆಂಗ್ ಅವರ ಪುಸ್ತಕ ಹೊರಬಂತು. ಸಿದ್ದಿಗಳ ಮೂಲ ಬಂಟು ಭಾಷೆಗಳನ್ನಾಡುವ ಆಫ್ರಿಕನ್ನರಲ್ಲಿದೆ ಎಂದು 2011ರ ಡಿಎನ್‌ಎ ಅಧ್ಯಯನಗಳು ತೋರಿಸಿದವು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿನ ಹೆಂಗಸರು ಹೊಲಿಯುವ ಕೌದಿಗಳ ಬೆನ್ನು ಹತ್ತಿದರು. ಸಿದ್ದಿಗಳು ಅದಕ್ಕೆ ‘ಕವಂದ್’ ಅಂತಾರೆ. ಹಳೇ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಹೊಲಿದು ತರುತ್ತಾರೆ.

ಇವೆಲ್ಲ ಇಂಗ್ಲಿಷಿನಲ್ಲಿವೆ. ಹೆಚ್ಚಿನವು ದೊಡ್ಡ ಲೈಬ್ರರಿಗಳಲ್ಲೇ ಉಳಿದಿವೆ. ಕೌದಿ ಹೊಲಿದ ಅಜ್ಜಿಯ ಮೊಮ್ಮಗಳು ತನ್ನ ಊರಿನ ಬಗ್ಗೆ ಏನು ಬರೆದಿದ್ದಾರೆ ಅಂತ ತಿಳಿಯಲು ಎಲ್ಲಿಗೆ ಹೋಗಬೇಕು?

ಪುಸ್ತಕವೇ ಜನರ ಹತ್ತಿರ ಬಂದ ಉದಾಹರಣೆಯೂ ಇಲ್ಲೇ ಇದೆ. 1980ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆ ಅವರು ನೈಜೀರಿಯಾದ ಚಿನುವ ಅಚೆಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿಸಿ ಸಿದ್ದಿ ಕಲಾವಿದರಿಂದ ಆಡಿಸಿದರು. ಓದು ಬಾರದವರಿಗೂ ಆಫ್ರಿಕಾದ ಕತೆ ಕನ್ನಡದಲ್ಲೇ ತಲುಪಿತು.

ಮೊಬೈಲಿನಲ್ಲೇ ಹುಡುಕಿ

ಭಾರತದ ವಿವಿಗಳ ಪಿಎಚ್‌ಡಿ ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕುವಾಗ ಒಂದು ಕಿವಿಮಾತು: ‘ಸಿದ್ದಿ’ ಪದವನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು ‘ಡಿ’ ಹಾಕಿ ಬರೆದರೆ, ಇನ್ನೊಬ್ಬರು ಎರಡು ಹಾಕುತ್ತಾರೆ, ಮತ್ತೊಬ್ಬರು ‘ಡಿ’ ಆದಮೇಲೆ ಒಂದು ‘ಎಚ್’ ಸೇರಿಸುತ್ತಾರೆ. ಮೂರನ್ನೂ ಹಾಕಿ ನೋಡಿ. ‘ಹಬ್ಶಿ’, ‘ನಾರ್ತ್ ಕೆನರಾ’ ಪದಗಳನ್ನೂ ಬಿಡಬೇಡಿ.

ಸಿಕ್ಕಿದ್ದರಲ್ಲಿ ಎರಡು ಪುಟವನ್ನಾದರೂ ಕನ್ನಡಕ್ಕೆ ತಂದು, ನಿಮ್ಮೂರ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿಡಿ. ಗೆಳೆಯರಲ್ಲಿ ಸಿದ್ದಿಗಳಿದ್ದರೆ ಮೊದಲು ಅವರಿಗೇ ಓದಿ ಹೇಳಿ. ತಪ್ಪಿದ್ದರೆ ತಿದ್ದಬೇಕಾದವರು ಅವರೇ. ದಮಾಮಿ ಕುಣಿತದ ಹಾಡು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಪುಸ್ತಕ ಮುಂದಿನ ವರ್ಷವೂ ಸಿಗುತ್ತದೆ, ಹಾಡಿಗೆ ಅಷ್ಟು ಸಮಯ ಇರಲಿಕ್ಕಿಲ್ಲ.